ಮಗುವಿನ ಹೃದಯದಲ್ಲಿ ದೊಡ್ಡ ತೂತು: ಎಕೋ ರಿಪೋರ್ಟಿನಿಂದ ಮನೆಗೆ ಮರಳುವವರೆಗೆ

“ಮಗು ಸ್ವಲ್ಪ ದಪ್ಪ ಆಗಲಿ ಸಿಸ್ಟರ್, ಆಮೇಲೆ ಆಪರೇಷನ್ ಮಾಡಿಸೋಣ ಅಂತಿದೀವಿ.” ಈ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೃದಯದಲ್ಲಿ ದೊಡ್ಡ ತೂತು ಇರುವ ಮಗು ದಪ್ಪ ಆಗುವುದು ಹೇಗೆ? ತೂಕ ಏರದಂತೆ ತಡೆದಿರುವುದೇ ಆ ತೂತು. ಮುಚ್ಚಿದ ಮೇಲೆ ತೂಕ ಬರುತ್ತದೆ. ತೂಕ ಬಂದ ಮೇಲೆ ಮುಚ್ಚುತ್ತೇವೆ ಅಂತ ಕೂತರೆ ದಾರಿ ಮುಚ್ಚಿ ಹೋಗುತ್ತದೆ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಹೃದಯದ ಐಸಿಯು ನರ್ಸ್ ಆಗಿದ್ದವಳು. ಈಗ ಕೆಲಸ ಬಿಟ್ಟು ತಿಪಟೂರು ಕಡೆ ನಮ್ಮೂರಿನಲ್ಲಿದ್ದೇನೆ. ಆದರೂ ಯಾರದೋ ತಂಗಿಯ ಮಗು, ಯಾರದೋ ಮೊಮ್ಮಗು ಅಂತ ಫೈಲ್ ಹಿಡಿದು ಜನ ಬರುತ್ತಾರೆ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಎಷ್ಟು, ಆಪರೇಷನ್ ಯಾವಾಗ ಅನ್ನುವುದನ್ನು ನಿಮ್ಮ ಮಕ್ಕಳ ಹೃದಯ ತಜ್ಞರೇ ಹೇಳಬೇಕು. ಅವರ ಹತ್ತಿರ ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು, ಅದಷ್ಟೇ ನನ್ನ ಪಾಲು.

ಹುಟ್ಟಿನಿಂದ ಬರುವ ಹೃದಯದ ತೊಂದರೆ ಬೇಕಾದಷ್ಟು ಬಗೆ ಇದೆ. ಸಾವಿರ ಮಕ್ಕಳು ಹುಟ್ಟಿದರೆ ಸುಮಾರು ಎಂಟು ಒಂಬತ್ತು ಮಕ್ಕಳಲ್ಲಿ ಏನಾದರೊಂದು ಇರುತ್ತದೆ. ಅದರಲ್ಲಿ ಹೆಚ್ಚು ಕಾಣುವುದು ವಿಎಸ್‌ಡಿ, ಅಂದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ನಾನು ಹೇಳುತ್ತಿರುವುದು ದೊಡ್ಡ ವಿಎಸ್‌ಡಿ ಬಗ್ಗೆ. ಸಣ್ಣ ತೂತು ಎಷ್ಟೋ ಮಕ್ಕಳಲ್ಲಿ ತಾನಾಗೇ ಮುಚ್ಚಿಕೊಳ್ಳುತ್ತದೆ. ಪಕ್ಕದ ಮನೆಯವರು “ನಮ್ಮ ಹುಡುಗನಿಗೂ ಇತ್ತು, ತಾನೇ ಹೋಯ್ತು” ಅನ್ನುವುದು ಸುಳ್ಳಲ್ಲ. ಆದರೆ ಅವರದು ಬೇರೆ ತೂತು.

ಯಾವಾಗ ಅನುಮಾನ ಪಡಬೇಕು

ಎಡಗಡೆ ಕೋಣೆಯಲ್ಲಿ ಒತ್ತಡ ಜಾಸ್ತಿ, ಬಲಗಡೆ ಕಡಿಮೆ. ಹಾಗಾಗಿ ಮೈಗೆ ಹೋಗಬೇಕಾದ ರಕ್ತದಲ್ಲಿ ದೊಡ್ಡ ಪಾಲು ತೂತಿನಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ತೋಟದಲ್ಲಿ ಪೈಪ್ ಒಡೆದರೆ ಆಗುವುದೂ ಹೀಗೇ. ಮೋಟಾರ್ ದಿನವಿಡೀ ಓಡುತ್ತದೆ, ಒಡೆದ ಕಡೆ ಕೆಸರು, ಕೊನೆಯ ಸಾಲಿನ ತೆಂಗು ಒಣಗಿರುತ್ತದೆ.

ಹುಟ್ಟಿದ ಕೂಡಲೇ ಇದು ಕಾಣುವುದಿಲ್ಲ. ಮೊದಲ ಕೆಲವು ವಾರ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿರುತ್ತವೆ, ಅಲ್ಲಿಗೆ ಜಾಸ್ತಿ ರಕ್ತ ನುಗ್ಗುವುದಿಲ್ಲ. ಅವು ಸಡಿಲ ಆಗುತ್ತಾ ಬಂದಂತೆ, ಸಾಮಾನ್ಯವಾಗಿ 4ರಿಂದ 8 ವಾರದ ಹೊತ್ತಿಗೆ, ತೊಂದರೆ ಶುರು. “ಹುಟ್ಟಿದಾಗ ಡಾಕ್ಟರ್ ನೋಡಿ ಚೆನ್ನಾಗಿದೆ ಅಂದಿದ್ರು” ಅಂತ ಅಪ್ಪ ಅಮ್ಮ ಗೋಳಾಡುತ್ತಾರೆ. ಅವತ್ತು ನಿಜವಾಗಿಯೂ ಚೆನ್ನಾಗಿಯೇ ಕಂಡಿರುತ್ತದೆ.

ಮೊದಲು ಗೊತ್ತಾಗುವುದು ಹಾಲು ಕುಡಿಸುವಾಗ. ಮಗು ನಾಲ್ಕು ಗುಟುಕು ಎಳೆದು ಬಿಡುತ್ತದೆ, ಏದುಸಿರು ಬಿಡುತ್ತದೆ, ಮತ್ತೆ ಎಳೆಯುತ್ತದೆ. ಹಣೆಯ ಮೇಲೆ ಬೆವರು. ಫ್ಯಾನ್ ಕೆಳಗೂ ಬೆವರು. ಅರ್ಧ ಹೊಟ್ಟೆಗೇ ಸುಸ್ತಾಗಿ ಮಲಗಿಬಿಡುತ್ತದೆ, ಸ್ವಲ್ಪ ಹೊತ್ತಿಗೆ ಹಸಿವಿನಿಂದ ಅಳುತ್ತದೆ. ಅತ್ತೆಯಂದಿರು “ನಿನಗೆ ಹಾಲು ಸಾಲಲ್ಲ” ಅಂತ ಬಾಣಂತಿಯನ್ನು ಬೈಯುತ್ತಾರೆ. ಪಾಪ, ಹಾಲು ಇರುತ್ತದೆ. ಎಳೆಯಲು ಮಗುವಿಗೆ ಶಕ್ತಿ ಇರುವುದಿಲ್ಲ.

ಮಗು ನಿದ್ದೆಯಲ್ಲಿದ್ದಾಗ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳ ಒಳಗಿನ ಮಗುವಿಗೆ 60 ಅಥವಾ ಅದಕ್ಕಿಂತ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದ ಮಗುವಿಗೆ 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೋರಿಸಲೇಬೇಕು. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಅವತ್ತೇ ಹೊರಡಿ. ಪದೇ ಪದೇ ಕಫ, ನ್ಯುಮೋನಿಯ ಅಂತ ಅಡ್ಮಿಟ್ ಆಗುತ್ತಿದ್ದರೆ ಒಂದು ಎಕೋ ಮಾಡಿಸಿ ಅಂತ ನೀವೇ ಕೇಳಿ. ತಾಯಿ ಕಾರ್ಡಿನಲ್ಲಿರುವ ತೂಕದ ಗೆರೆಯನ್ನೂ ನೋಡಿ. ಸಾಮಾನ್ಯ ಮಗು ಐದು ತಿಂಗಳ ಆಸುಪಾಸಿಗೆ ಹುಟ್ಟಿದ ತೂಕದ ಎರಡರಷ್ಟಾಗುತ್ತದೆ. ಗೆರೆ ಮಲಗಿಬಿಟ್ಟಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಎಕೋ ರಿಪೋರ್ಟ್ ಓದುವುದು

ಎಕೋ ಅಂದರೆ ಹೃದಯದ ಸ್ಕ್ಯಾನ್. ನೋವಿಲ್ಲ. ಮಕ್ಕಳ ಹೃದಯ ನೋಡಿ ಅಭ್ಯಾಸ ಇರುವವರ ಹತ್ತಿರವೇ ಮಾಡಿಸಿ. ರಿಪೋರ್ಟಿನಲ್ಲಿ ಮೂರು ವಿಷಯ ಹುಡುಕಿ.

ತೂತಿನ ಅಳತೆ ಮಿಲಿಮೀಟರಿನಲ್ಲಿ ಇರುತ್ತದೆ. ಬರೀ ಸಂಖ್ಯೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ದೊಡ್ಡ ಹುಡುಗನಿಗೆ ಸಣ್ಣದು ಅನ್ನಿಸುವ ತೂತು ಮೂರು ಕೆಜಿ ಮಗುವಿಗೆ ಭಾರಿ ದೊಡ್ಡದು. ಮಗುವಿನ ಮಹಾಪಧಮನಿ ಎಷ್ಟು ಅಗಲವೋ ಹತ್ತಿರ ಹತ್ತಿರ ಅಷ್ಟೇ ತೂತು ಇದ್ದರೆ ದೊಡ್ಡದು ಅಂತ ಲೆಕ್ಕ. ಎರಡನೆಯದು ಪಿಎಎಚ್, ಅಂದರೆ ಶ್ವಾಸಕೋಶದ ನಾಳಗಳಲ್ಲಿ ಒತ್ತಡ. ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಬರೆದಿರುತ್ತಾರೆ. ಮೂರನೆಯದು ರಕ್ತ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಅನ್ನುವುದು. ‘ಲೆಫ್ಟ್ ಟು ರೈಟ್’ ಅಂದರೆ ಎಡದಿಂದ ಬಲಕ್ಕೆ, ಕೆಲಸ ಮಾಡಲು ಸಮಯ ಇದೆ. ‘ಬೈಡೈರೆಕ್ಷನಲ್’ ಅಂತಿದ್ದರೆ ಎರಡೂ ಕಡೆ ಹರಿಯುತ್ತಿದೆ. ಆಗ ಒಂದು ವಾರವೂ ಸುಮ್ನೆ ಕಳೆಯಬೇಡಿ.

ಜಾಸ್ತಿ ರಕ್ತ ಜಾಸ್ತಿ ಒತ್ತಡದಲ್ಲಿ ನುಗ್ಗುತ್ತಿದ್ದರೆ ಶ್ವಾಸಕೋಶದ ನಾಳಗಳ ಗೋಡೆ ದಪ್ಪ ಆಗುತ್ತಾ, ಗಟ್ಟಿಯಾಗುತ್ತಾ ಹೋಗುತ್ತದೆ. ಒಂದು ಹಂತ ದಾಟಿದರೆ ಅದು ವಾಪಸ್ ಸರಿಹೋಗುವುದಿಲ್ಲ. ಆಗ ಬಲಗಡೆಯ ಒತ್ತಡವೇ ಎಡಕ್ಕಿಂತ ಜಾಸ್ತಿಯಾಗಿ, ಆಮ್ಲಜನಕ ಕಡಿಮೆ ಇರುವ ಕೆಟ್ಟ ರಕ್ತ ಮೈಗೆ ಹರಿದು, ತುಟಿ ಉಗುರು ನೀಲಿ ಆಗುತ್ತವೆ. ಇದಕ್ಕೆ ಐಸೆನ್‌ಮೆಂಗರ್ ಅನ್ನುತ್ತಾರೆ. ಆ ಹಂತದಲ್ಲಿ ತೂತು ಮುಚ್ಚುವಂತಿಲ್ಲ. ಮುಚ್ಚಿದರೆ ಬಲಗಡೆ ಹೃದಯ ಸೋತುಬಿಡುತ್ತದೆ.

ಇದರಲ್ಲಿ ಒಂದು ಮೋಸ ಇದೆ. ಶ್ವಾಸಕೋಶದ ನಾಳ ಗಟ್ಟಿಯಾದಂತೆ ಅಲ್ಲಿಗೆ ನುಗ್ಗುವ ರಕ್ತ ಕಡಿಮೆ ಆಗುತ್ತದೆ. ಏದುಸಿರು ನಿಲ್ಲುತ್ತದೆ, ನ್ಯುಮೋನಿಯ ನಿಲ್ಲುತ್ತದೆ, ಬೆವರು ನಿಲ್ಲುತ್ತದೆ. ವರ್ಷ ದಾಟಿದ ಮಗು ಇದ್ದಕ್ಕಿದ್ದಂತೆ ಹುಷಾರಾದ ಹಾಗೆ ಕಾಣುತ್ತದೆ. ಮನೆಯವರು ಹರಕೆ ಫಲಿಸಿತು ಅಂತ ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಾರೆ. ದೊಡ್ಡ ತೂತಿನ ಮಗು ಆಪರೇಷನ್ ಇಲ್ಲದೆ ಹುಷಾರಾಯಿತು ಅಂದರೆ ಅವತ್ತೇ ಎಕೋ ಮಾಡಿಸಬೇಕು. ತೂತು ನಿಜವಾಗಿ ಚಿಕ್ಕದಾಗಿರಲೂಬಹುದು. ಆದರೆ ಅದನ್ನು ಹೇಳಬೇಕಾದದ್ದು ಎಕೋ.

ಹಾಗಾದರೆ ಯಾವ ವಯಸ್ಸು? ಒತ್ತಡ ಜಾಸ್ತಿ ಇರುವ ದೊಡ್ಡ ವಿಎಸ್‌ಡಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳ ಒಳಗೆ ಆಪರೇಷನ್ ಹೇಳುತ್ತಾರೆ. ಔಷಧಿ ಕೊಟ್ಟರೂ ಉಸಿರು ಹತೋಟಿಗೆ ಬರದಿದ್ದರೆ ಅದಕ್ಕೂ ಮೊದಲೇ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ. ಅವರ ಶ್ವಾಸಕೋಶದ ನಾಳ ಬೇಗ ಕೆಡುತ್ತದೆ. ಅವರಿಗೆ ಕಾಯುವ ಸಮಯ ಇನ್ನೂ ಕಡಿಮೆ. ತೂಕ ಕಡಿಮೆ ಇದೆ ಅಂತ ಒಂದು ಕಡೆ ವಾಪಸ್ ಕಳಿಸಿದರೆ ಇನ್ನೊಂದು ದೊಡ್ಡ ಕಡೆ ಕೇಳಿ. ಮೂರು ನಾಲ್ಕು ಕೆಜಿ ಮಕ್ಕಳಿಗೆ ಈ ಆಪರೇಷನ್ ಮಾಡುವವರು ನಮ್ಮಲ್ಲೇ ಇದ್ದಾರೆ.

ಆಪರೇಷನ್ ತನಕ ಮನೆಯಲ್ಲಿ

ಸ್ವಲ್ಪ ಸ್ವಲ್ಪ, ಎರಡು ಮೂರು ಗಂಟೆಗೊಮ್ಮೆ ಹಾಲು. ಎಳೆದು ಸುಸ್ತಾದರೆ ಎದೆಹಾಲನ್ನು ಹಿಂಡಿ ಒಳಲೆಯಲ್ಲಿ ಕುಡಿಸಿ. ನಮ್ಮ ಅಜ್ಜಿಯರ ಒಳಲೆ ಇಂಥ ಮಕ್ಕಳಿಗೆ ಬಾಟಲಿಗಿಂತ ಎಷ್ಟೋ ಮೇಲು. ಪ್ರತಿ ಸಲ ಕುದಿಸಿ ತೊಳೆಯಬೇಕು, ಅಷ್ಟೇ. ಮಗುವಿನ ತಲೆ ಎತ್ತರದಲ್ಲಿರಲಿ. ಹಾಲಿಗೆ ಕ್ಯಾಲೊರಿ ಹೆಚ್ಚಿಸುವ ಪುಡಿಯನ್ನೋ ಎಣ್ಣೆಯನ್ನೋ ಡಾಕ್ಟರ್ ಬರೆದುಕೊಡಬಹುದು. ಅದರಿಂದಲೂ ಆಗದಿದ್ದರೆ ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಕೆ ಹಾಕುತ್ತಾರೆ. ನೋಡಲು ಬೇಜಾರಾಗುತ್ತದೆ, ನಿಜ. ಆದರೆ ಎಳೆಯುವ ಶ್ರಮ ಉಳಿದು ಆ ಹಾಲೆಲ್ಲ ಮೈಗೆ ಹತ್ತುತ್ತದೆ.

ಲ್ಯಾಸಿಕ್ಸ್‌ನಂಥ ಮೂತ್ರ ಬರಿಸುವ ಔಷಧಿ, ಕೆಲವರಿಗೆ ಎನಲಾಪ್ರಿಲ್, ಕೆಲವರಿಗೆ ಡಿಗಾಕ್ಸಿನ್ ಕೊಡುತ್ತಾರೆ. ಇವು ತೂತು ಮುಚ್ಚುವುದಿಲ್ಲ, ಆಪರೇಷನ್ ದಿನದವರೆಗೆ ಮಗುವನ್ನು ತಲುಪಿಸುತ್ತವೆ. ಅಳೆಯಲು ಚಮಚ ಬೇಡ. ಸೂಜಿ ಇಲ್ಲದ ಒಂದು ಎಂಎಲ್ ಸಿರಿಂಜ್ ತನ್ನಿ, ಎಷ್ಟು ಗೆರೆ ಅಂತ ನರ್ಸ್ ಹತ್ತಿರ ತೋರಿಸಿಕೊಳ್ಳಿ, ಆ ಗೆರೆಗೆ ಪೆನ್ನಿನಲ್ಲಿ ಗುರುತು ಹಾಕಿ. ಡಿಗಾಕ್ಸಿನ್ ಹನಿ ಸ್ವಲ್ಪ ಜಾಸ್ತಿಯಾದರೂ ಅಪಾಯ. ಮಗು ವಾಂತಿ ಮಾಡಿತು ಅಂತ ಇನ್ನೊಮ್ಮೆ ಕೊಡಬೇಡಿ, ಫೋನ್ ಮಾಡಿ ಕೇಳಿ.

ಲಸಿಕೆಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಸಿ. ಹೃದಯದ ತೊಂದರೆ ಇದೆ ಅಂತ ಬಿಡಿಸುವುದು ತಪ್ಪು. ಬೇಗ ನ್ಯುಮೋನಿಯ ಆಗುವ ಮಗುವಿಗೆ ನ್ಯುಮೋನಿಯ ಲಸಿಕೆ ಎಲ್ಲರಿಗಿಂತ ಮೊದಲು ಬೇಕು, ಅಲ್ವಾ? ಸಾಂಬ್ರಾಣಿ ಹೊಗೆ, ಬೀಡಿ ಸಿಗರೇಟು ಹೊಗೆ ಮಗುವಿನ ಹತ್ತಿರ ಸುಳಿಯಬಾರದು. ನೆಗಡಿ ಇರುವ ನೆಂಟರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಆಪರೇಷನ್ ಹಿಂದಿನ ವಾರ ಮಗುವಿಗೆ ಶೀತ ಜ್ವರ ಬಂದರೆ ತಾರೀಖು ಮುಂದಕ್ಕೆ ಹೋಗುತ್ತದೆ.

ದುಡ್ಡು, ಆಸ್ಪತ್ರೆ

ಸಾಲಕ್ಕೆ ಓಡುವ ಮೊದಲು ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ನಡೆಯುತ್ತಿದೆ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ತಪಾಸಣೆ, ಹೃದಯದ ತೊಂದರೆಗೆ ಚಿಕಿತ್ಸೆಯ ದಾರಿ ಎರಡೂ ಅದರಲ್ಲಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ 2018ರಲ್ಲಿ ಶುರುವಾಯಿತು. ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಸಿಗುತ್ತದೆ. ಇದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಅದಿಲ್ಲದೆ ಸೀದಾ ಬೆಂಗಳೂರಿಗೆ ಬಸ್ ಹತ್ತಿ, ಮತ್ತೆ ಚೀಟಿಗಾಗಿ ಊರಿಗೆ ಓಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿ ಇನ್ನೂ ಸೇರಿರುವುದಿಲ್ಲ. ಜನನ ಪ್ರಮಾಣ ಪತ್ರವನ್ನು ಮೊದಲೇ ತೆಗೆಸಿಡಿ.

ಬೆಂಗಳೂರಿನ ಜಯದೇವ, ಬೊಮ್ಮಸಂದ್ರದ ನಾರಾಯಣ, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯ ಹೆಸರು ಎಲ್ಲರೂ ಕೇಳಿರುತ್ತೀರಿ. 2001ರಲ್ಲಿ ಶುರುವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಎಲ್ಲೇ ಹೋಗಿ, ಸರದಿ ಎಷ್ಟು ಉದ್ದ ಅಂತ ಕೇಳಿ. ಎರಡು ತಿಂಗಳ ಮಗುವಿಗೆ ವರ್ಷದಾಚೆಯ ತಾರೀಖು ಕೊಟ್ಟರೆ ಆ ತಾರೀಖು ಉಪಯೋಗಕ್ಕೆ ಬರುವುದಿಲ್ಲ. “ಪಿಎಎಚ್ ಸಿವಿಯರ್ ಇದೆ, ಮೊದಲೇ ಆಗುತ್ತಾ?” ಅಂತ ಬಾಯಿ ಬಿಟ್ಟು ಕೇಳಿ. ಸರ್ಜನ್ ಹತ್ತಿರ ಇನ್ನೂ ಕೆಲವು ಪ್ರಶ್ನೆ ಕೇಳಬೇಕು. ತೂತು ಒಂದೇನಾ, ಹಲವು ಇವೆಯಾ? ಇಷ್ಟು ಚಿಕ್ಕ ಮಕ್ಕಳಿಗೆ ಇಲ್ಲಿ ಆಗಾಗ ಮಾಡುತ್ತೀರಾ? ರಾತ್ರಿ ಐಸಿಯುನಲ್ಲಿ ಮಕ್ಕಳ ಡಾಕ್ಟರ್ ಇರುತ್ತಾರಾ? ನನ್ನ ಪ್ರಕಾರ ಕೊನೆಯದೇ ಮುಖ್ಯ. ಸರ್ಜನ್ ಹೊಲಿದು ಹೋದ ಮೇಲೆ ಮಗುವನ್ನು ಉಳಿಸಿಕೊಳ್ಳುವುದು ರಾತ್ರಿ ಪಾಳಿ.

ತೂತು ಹಲವು ಇದ್ದರೆ ಮೊದಲು ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳಕ್ಕೆ ಪಟ್ಟಿ ಬಿಗಿದು ರಕ್ತದ ಹರಿವು ಕಡಿಮೆ ಮಾಡುತ್ತಾರೆ. ಮುಚ್ಚುವ ಆಪರೇಷನ್ ಆಮೇಲೆ. ಕಾಲಿನ ನಾಳದಿಂದ ಬಟನ್ ಹಾಕಿ ಮುಚ್ಚುವುದನ್ನು ಎಲ್ಲರೂ ಕೇಳುತ್ತಾರೆ. ಪುಟ್ಟ ಮಗುವಿನ ದೊಡ್ಡ ತೂತಿಗೆ ಅದು ಹೆಚ್ಚಾಗಿ ಆಗುವುದಿಲ್ಲ.

ರಕ್ತದ ವಿಷಯ. “ನನ್ನದೇ ಕೊಡ್ತೀನಿ, ನನ್ನ ಮಗೂಗೆ ಅದನ್ನೇ ಹಾಕಿ” ಅಂತ ಅಪ್ಪಂದಿರು ತೋಳು ಚಾಚುತ್ತಾರೆ. ಹತ್ತಿರದ ರಕ್ತ ಸಂಬಂಧಿಯ ರಕ್ತ ಎಳೆ ಮಗುವಿಗೆ ಬೇರೆಯವರ ರಕ್ತಕ್ಕಿಂತ ಅಪಾಯ. ಅದರಲ್ಲಿರುವ ಬಿಳಿ ಕಣಗಳನ್ನು ಮಗುವಿನ ಮೈ ಹೊರಗಿನದು ಅಂತ ಗುರುತಿಸದೇ ಹೋಗಬಹುದು, ಆಗ ಆ ಕಣಗಳೇ ಮಗುವಿನ ಮೇಲೆ ತಿರುಗಿ ಬೀಳುತ್ತವೆ. ನೀವು ಬ್ಲಡ್ ಬ್ಯಾಂಕಿಗೆ ಕೊಡಿ, ಮಗುವಿಗೆ ಯಾವುದು ಅಂತ ಅವರು ನೋಡಿಕೊಳ್ಳುತ್ತಾರೆ.

ಓಟಿ ಬಾಗಿಲಿನ ಆಚೆ

ಅರಿವಳಿಕೆಗೆ ಮೊದಲು ಎದೆಹಾಲು ನಾಲ್ಕು ಗಂಟೆ, ಬೇರೆ ಹಾಲು ಆರು ಗಂಟೆ ನಿಲ್ಲಿಸಬೇಕು. ಅಳುತ್ತದೆ ಅಂತ ಕದ್ದು ಕುಡಿಸಬೇಡಿ. ಹೊಟ್ಟೆಯ ಹಾಲು ಶ್ವಾಸಕೋಶಕ್ಕೆ ಹೋದರೆ ಎಲ್ಲ ಕೆಡುತ್ತದೆ. ದಾರ, ಬಳೆ, ತಾಯಿತ ಎಲ್ಲ ತೆಗೆದು ಕೊಡಿ.

ಒಳಗೆ ಎದೆಯ ನಡುಮೂಳೆ ಬಿಡಿಸಿ, ರಕ್ತ ಹೆಪ್ಪುಗಟ್ಟದ ಔಷಧಿ ಕೊಟ್ಟು, ಹೃದಯಕ್ಕೆ ಬರುವ ಹೋಗುವ ರಕ್ತವನ್ನು ಹಾರ್ಟ್ ಲಂಗ್ ಮಷೀನಿಗೆ ತಿರುಗಿಸುತ್ತಾರೆ. ಪೊಟ್ಯಾಸಿಯಂ ಇರುವ ತಣ್ಣನೆಯ ದ್ರವ ಹರಿಸಿ ಹೃದಯವನ್ನು ನಿಲ್ಲಿಸುತ್ತಾರೆ. ಬಲ ಮೇಲಿನ ಕೋಣೆ ತೆರೆದು, ಕವಾಟದ ಮೂಲಕ ತೂತು ತಲುಪಿ, ಪ್ಯಾಚ್ ಇಟ್ಟು ಸುತ್ತ ಹೊಲಿಯುತ್ತಾರೆ. ಪ್ಯಾಚ್ ಡೇಕ್ರಾನ್ ಬಟ್ಟೆಯದಿರಬಹುದು, ಮಗುವಿನ ಹೃದಯದ ಹೊರಪೊರೆಯದೇ ತುಂಡಾಗಿರಬಹುದು. ತೂತಿನ ಅಂಚಿನಲ್ಲೇ ಹೃದಯಕ್ಕೆ ಬಡಿತದ ಸೂಚನೆ ಒಯ್ಯುವ ಎಳೆ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಬಡಿತ ನಿಧಾನ ಆಗಿ, ಅಪರೂಪಕ್ಕೆ ಪೇಸ್‌ಮೇಕರ್ ಬೇಕಾಗುತ್ತದೆ. ಕಾಗದಕ್ಕೆ ಸಹಿ ಹಾಕುವಾಗ ಈ ಒಂದನ್ನು ಅರ್ಥ ಮಾಡಿಕೊಂಡು ಹಾಕಿ. ಎಲ್ಲ ಸೇರಿ ಮೂರು ನಾಲ್ಕು ಗಂಟೆ. ಜಾಸ್ತಿ ಹೊತ್ತಾದರೆ ಏನೋ ಆಗಿದೆ ಅಂತಲೇ ಅಂದುಕೊಳ್ಳಬೇಡಿ, ಬರೀ ಸೂಜಿ ನಳಿಕೆ ಹಾಕಲೇ ಒಂದು ಗಂಟೆ ಹಿಡಿಯುತ್ತದೆ.

ಹೊರಗೆ ಕೂತ ಅಪ್ಪಂದಿರಿಗೆ ನಾನೊಂದು ಕಥೆ ಹೇಳುತ್ತಿದ್ದೆ. 1954ರ ಮಾರ್ಚ್ 26ರಂದು ಅಮೆರಿಕದ ಮಿನೆಸೋಟದಲ್ಲಿ ವಾಲ್ಟನ್ ಲಿಲ್ಲೆಹೈ ಅನ್ನುವ ಸರ್ಜನ್ ಮೊದಲ ಸಲ ಹೃದಯ ತೆರೆದು ವಿಎಸ್‌ಡಿ ಮುಚ್ಚಿದರು. ಅವರು ಆವತ್ತು ಮಷೀನ್ ಬಳಸಲಿಲ್ಲ. ಪಕ್ಕದ ಮೇಜಿನ ಮೇಲೆ ಮಗುವಿನ ಅಪ್ಪನನ್ನು ಮಲಗಿಸಿ, ಅವನ ತೊಡೆಯ ನಾಳಗಳಿಗೆ ಮಗುವಿನ ರಕ್ತ ಜೋಡಿಸಿದರು. ಮಗನಿಗೆ ಅಪ್ಪನೇ ಹೃದಯ, ಅಪ್ಪನೇ ಶ್ವಾಸಕೋಶ. ತೂತು ಮುಚ್ಚಿತು, ಆದರೆ ಮಗು ಹನ್ನೊಂದನೇ ದಿನ ತೀರಿಕೊಂಡಿತು. ಆದರೂ ಮುಂದೆ ಬೇರೆ ತಂದೆ ತಾಯಿ ಒಪ್ಪಿದರು. ಹೀಗೆ ಮಾಡಿದ 45 ಆಪರೇಷನ್‌ಗಳಲ್ಲಿ 28 ಮಂದಿ ಬದುಕಿ ಮನೆಗೆ ಹೋದರು. ಈಗ ಅನುಭವ ಇರುವ ಕಡೆ ಬರೀ ವಿಎಸ್‌ಡಿ ಆಪರೇಷನ್‌ನಲ್ಲಿ ಬಹುಪಾಲು ಮಕ್ಕಳು ಉಳಿಯುತ್ತಾರೆ.

ಐಸಿಯುನಲ್ಲಿ ಮೊದಲ ಸಲ ನೋಡುವಾಗ

ಮೊದಲು ಒಬ್ಬರೇ ಹೋಗಿ ನೋಡಿ, ಆಮೇಲೆ ಅಜ್ಜಿಯನ್ನು ಕರೆದುಕೊಂಡು ಹೋಗಿ. ಮುಖ ಊದಿರುತ್ತದೆ. ಬಾಯಿಯಲ್ಲಿ ವೆಂಟಿಲೇಟರ್ ನಳಿಕೆ, ಕತ್ತಿನಲ್ಲಿ ಸೂಜಿ, ಎದೆಯಿಂದ ರಕ್ತ ಬಸಿಯುವ ನಳಿಕೆ, ಹೊಟ್ಟೆಯ ಮೇಲೆ ಎರಡು ಮೂರು ಸಣ್ಣ ತಂತಿ. ಬಡಿತ ನಿಧಾನವಾದರೆ ಹೊರಗಿನಿಂದ ಬಡಿತ ಕೊಡಲು ಆ ತಂತಿ, ಮನೆಗೆ ಹೋಗುವ ಮೊದಲು ಎಳೆದು ತೆಗೆಯುತ್ತಾರೆ. ನಳಿಕೆ ಇರುವಾಗ ಮಗು ಅತ್ತರೂ ಸದ್ದು ಬರುವುದಿಲ್ಲ. ಅದನ್ನು ನೋಡಿ ಅಮ್ಮಂದಿರು ಕುಸಿಯುತ್ತಾರೆ. ಧ್ವನಿ ಹೋಗಿಲ್ಲ, ನಳಿಕೆ ತೆಗೆದ ಮೇಲೆ ವಾಪಸ್ ಬರುತ್ತದೆ.

ಮಾನಿಟರಿನ ಸಂಖ್ಯೆ ನೋಡುತ್ತಾ ಕೂರಬೇಡಿ. ಸೆನ್ಸರ್ ಜಾರಿದರೂ ಅದು ಕೂಗುತ್ತದೆ. “ಮೂತ್ರ ಹೇಗೆ ಬರ್ತಿದೆ ಸಿಸ್ಟರ್?” ಅಂತ ಕೇಳಿ. ಗಂಟೆಗೆ ಪ್ರತಿ ಕೆಜಿಗೆ ಒಂದು ಎಂಎಲ್ ಬರುತ್ತಿದ್ದರೆ ಹೃದಯ ಚೆನ್ನಾಗಿ ಪಂಪ್ ಮಾಡುತ್ತಿದೆ ಅಂತ ನಮಗೂ ನೆಮ್ಮದಿ. ಒತ್ತಡ ಜಾಸ್ತಿ ಇದ್ದ ಮಕ್ಕಳಲ್ಲಿ ಶ್ವಾಸಕೋಶದ ನಾಳ ಇದ್ದಕ್ಕಿದ್ದಂತೆ ಬಿಗಿದುಕೊಳ್ಳುವುದುಂಟು. ಅದಕ್ಕೇ ಅಂಥವರನ್ನು ಜಾಸ್ತಿ ಹೊತ್ತು ಮಲಗಿಸಿಯೇ ಇಡುತ್ತೇವೆ, ಮುಟ್ಟಿ ಎಬ್ಬಿಸಬೇಡಿ ಅನ್ನುತ್ತೇವೆ. ಸುಲಭದ ಮಗುವಿಗೆ ವೆಂಟಿಲೇಟರ್ ಕೆಲವು ಗಂಟೆಯಿಂದ ಒಂದೆರಡು ದಿನ, ಒಟ್ಟು ಆಸ್ಪತ್ರೆ ವಾಸ ಒಂದು ವಾರದಿಂದ ಹತ್ತು ದಿನ. ಪಕ್ಕದ ಬೆಡ್ಡಿನ ಮಗು ಮೊದಲು ಮನೆಗೆ ಹೋಯಿತು ಅಂತ ಲೆಕ್ಕ ಹಾಕಬೇಡಿ.

ಅಮ್ಮ ಮಾಡಬೇಕಾದ ಕೆಲಸ ಒಂದಿದೆ. ಮಗು ಕುಡಿಯದ ದಿನಗಳಲ್ಲೂ ಮೂರು ಗಂಟೆಗೊಮ್ಮೆ ಹಾಲು ಹಿಂಡಬೇಕು, ರಾತ್ರಿಯೂ. ಇಲ್ಲದಿದ್ದರೆ ಮಗು ಕೇಳುವ ಹೊತ್ತಿಗೆ ಹಾಲು ಬತ್ತಿರುತ್ತದೆ. ಬಾಟಲಿ ಮೇಲೆ ಹೆಸರು, ತಾರೀಖು, ಗಂಟೆ ಬರೆದು ಐಸಿಯು ಫ್ರಿಜ್‌ಗೆ ಕೊಡಿ. ಮತ್ತೆ ಊಟ ಮಾಡಿ. ಕ್ಯಾಂಟೀನಿನಲ್ಲಿ ಬರೀ ಕಾಫಿ ಬನ್ನು ತಿಂದು ತಲೆ ಸುತ್ತಿ ಬಿದ್ದ ಬಾಣಂತಿಯರನ್ನು ನಾವೇ ಕ್ಯಾಶುವಾಲ್ಟಿಗೆ ಕರೆದೊಯ್ದಿದ್ದೇವೆ.

ಮನೆಗೆ ಬಂದ ಮೇಲೆ

ಎದೆಮೂಳೆ ಸ್ಟೀಲ್ ತಂತಿಯಲ್ಲಿ ಕಟ್ಟಿರುತ್ತದೆ, ಕೂಡಲು ಆರು ವಾರ ಬೇಕು. ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಒಂದು ಕೈ ತಲೆ ಬೆನ್ನಿನ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ ಹಾಕಿ ಎತ್ತಿ. ಮನೆಗೆ ಬರುವ ಪ್ರತಿಯೊಬ್ಬರಿಗೂ ಹೇಳಿ, ಮಗು ಕಂಡ ಕೂಡಲೇ ಕೈ ಹೋಗುವುದೇ ಕಂಕುಳಿಗೆ. ಎರೆಯುವ ಅಜ್ಜಿಗೆ ಆರು ವಾರ ರಜೆ ಕೊಡಿ. ಕಾಲ ಮೇಲೆ ಬೋರಲು ಹಾಕಿ ಎಣ್ಣೆ ತಿಕ್ಕುವುದು ಬೇಡ. ಗಾಯ ಒಣಗುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಗಾಯಕ್ಕೆ ಅರಿಶಿನ, ಪೌಡರ್ ಏನೂ ಹಚ್ಚಬೇಡಿ.

ಗಾಯ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ, ಮತ್ತೆ ಏದುಸಿರು ಶುರುವಾದರೆ, ಹಾಲು ಬಿಟ್ಟರೆ, ಮುಖ ಬಿಳಿಚಿದರೆ ಊರಿನ ಡಾಕ್ಟರ್ ಹತ್ತಿರ ಒಂದು ಇಂಜೆಕ್ಷನ್ ಹಾಕಿಸಿ ಸುಮ್ಮನಾಗಬೇಡಿ. ಆಪರೇಷನ್ ಆದ ಕಡೆಗೆ ಫೋನ್ ಮಾಡಿ. ಕೆಲವು ಮಕ್ಕಳಿಗೆ ಒಂದೆರಡು ವಾರದ ಮೇಲೆ ಹೃದಯದ ಸುತ್ತ ನೀರು ತುಂಬುತ್ತದೆ. ಅದು ಎಕೋದಲ್ಲಿ ಮಾತ್ರ ಗೊತ್ತಾಗುತ್ತದೆ. “ಈಗ ಹುಷಾರಾಗಿದೆಯಲ್ಲ” ಅಂತ ಫಾಲೋ ಅಪ್ ಎಕೋ ತಪ್ಪಿಸಬೇಡಿ.

ಕಿವಿ ಚುಚ್ಚಿಸುವುದು, ಮನೆದೇವರಿಗೆ ಮುಡಿ ಕೊಡುವುದು ಇದ್ದರೆ ಮುಂದಕ್ಕೆ ಹಾಕಿ. ಪ್ಯಾಚ್ ಹಾಕಿದ ಮೊದಲ ಆರು ತಿಂಗಳು ರಕ್ತಕ್ಕೆ ಸೇರಿದ ಸೋಂಕು ಅಲ್ಲಿ ಕೂತುಬಿಡುವ ಭಯ ಜಾಸ್ತಿ. ಆ ಅವಧಿಯಲ್ಲಿ ಹಲ್ಲಿನ ಕೆಲಸ ಬಂದರೆ ಮೊದಲು ಆ್ಯಂಟಿಬಯೋಟಿಕ್ ಬೇಕು, ಡಾಕ್ಟರಿಗೆ ಹೇಳಿ. ಪ್ಯಾಚಿನ ಪಕ್ಕ ಸ್ವಲ್ಪ ಸೋರಿಕೆ ಉಳಿದಿದ್ದರೆ ಆರು ತಿಂಗಳ ಮೇಲೂ ಈ ಎಚ್ಚರ ಬೇಕು. ಆಪರೇಷನ್ನಿನಲ್ಲಿ ರಕ್ತ ಕೊಟ್ಟಿದ್ದರೆ ದಡಾರದ ಲಸಿಕೆ ಯಾವಾಗ ಅಂತಲೂ ಕೇಳಿಕೊಳ್ಳಿ, ಅದನ್ನು ತಡವಾಗಿ ಹಾಕುತ್ತಾರೆ.

ಹಾಲು ಎಳೆಯುವ ಜೋರು ನೋಡಿಯೇ ಗೊತ್ತಾಗುತ್ತದೆ, ತೂಕ ಬೇಗ ಹಿಡಿಯುತ್ತದೆ. ಮೂಳೆ ಕೂಡಿದ ಮೇಲೆ ಎಲ್ಲ ಮಕ್ಕಳ ಹಾಗೆ ಅಂಬೆಗಾಲು, ಓಟ. ಸ್ಕೂಲಿನಲ್ಲಿ “ಹಾರ್ಟ್ ಪೇಷಂಟ್” ಅಂತ ಮೂಲೆಯಲ್ಲಿ ಕೂರಿಸದಂತೆ ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ ಎರಡನ್ನೂ ಜೆರಾಕ್ಸ್ ಮಾಡಿಸಿ, ಮನೆಯ ಇಬ್ಬರ ಮೊಬೈಲಿನಲ್ಲಿ ಫೋಟೋ ಇಡಿ. ಹೆಣ್ಣುಮಗುವಾದರೆ ಇಪ್ಪತ್ತೈದು ವರ್ಷದ ಮೇಲೆ ಹೆರಿಗೆ ಡಾಕ್ಟರ್ ಅದನ್ನೇ ಮೊದಲು ಕೇಳುತ್ತಾರೆ.